ಬೆಳ್ಳಿ ಡಾಲರಿನ ಕೆನ್ನೆ ಮೇಲೊಂದು ಗೀರು: ಒಂದು ನಂಬರಿಗೆ ಲಕ್ಷದ ವ್ಯತ್ಯಾಸ!

ಬೆಳ್ಳಿ ರೇಟು ಏರಿದ್ದೇ ತಡ, ಚಿನಿವಾರ ಪೇಟೆಯಲ್ಲಿ ಹಳೇ ನಾಣ್ಯದ್ದೇ ಮಾತು. 2025ರ ಅಕ್ಟೋಬರಿನಲ್ಲಿ ಅಂತರರಾಷ್ಟ್ರೀಯ ಪೇಟೆಯಲ್ಲಿ ಬೆಳ್ಳಿ ಔನ್ಸಿಗೆ 50 ಡಾಲರ್ ದಾಟಿ, 1980ರಿಂದ ನಿಂತಿದ್ದ ದಾಖಲೆಯನ್ನು ಮುರಿದು ಹಾಕಿತು. ಅಲ್ಲಿಂದಾಚೆಗೆ ಅಜ್ಜಿ ಕಾಲದ ಟ್ರಂಕುಗಳ ಬೀಗ ತೆರೆಯುತ್ತಿವೆ. ವಿಕ್ಟೋರಿಯಾ ರಾಣಿಯ ರೂಪಾಯಿ, ಕಿರೀಟವಿಲ್ಲದ ಎಡ್ವರ್ಡನ ರೂಪಾಯಿ, ಕಿರೀಟವಿರುವ ಜಾರ್ಜನ ರೂಪಾಯಿ. ಇವುಗಳ ಜತೆಗೆ ಅಮೆರಿಕದಲ್ಲಿರುವ ಮಗನೋ ಅಳಿಯನೋ ತಂದುಕೊಟ್ಟ ಅಂಗೈಯಗಲದ ಬೆಳ್ಳಿ ಡಾಲರೂ ಆಗೊಂದು ಈಗೊಂದು ಸರಾಫರ ಗಲ್ಲಾದ ಮುಂದೆ ಬಂದು ಕೂರುತ್ತದೆ. ಕೇಳುವ ಪ್ರಶ್ನೆ ಒಂದೇ: "ಸ್ವಾಮಿ, ಇದಕ್ಕೆ ಲಕ್ಷ ಬರುತ್ತಂತೆ, ಹೌದಾ?"

ಬರಬಹುದು. ಬರೀ ಬೆಳ್ಳಿಯ ತೂಕಕ್ಕೂ ಹೋಗಬಹುದು. ಎರಡಕ್ಕೂ ನಡುವೆ ನಿಂತಿರುವುದು ಒಂದು ನಂಬರು. ಆ ನಂಬರನ್ನು ಯಾರು ಕೊಡುತ್ತಾರೆ, ಏನು ನೋಡಿ ಕೊಡುತ್ತಾರೆ, ಅದನ್ನು ಎಷ್ಟರ ಮಟ್ಟಿಗೆ ನಂಬಬೇಕು ಅನ್ನುವುದೇ ಇವತ್ತಿನ ವಿಚಾರ. ಮೊಬೈಲಿನಲ್ಲಿ "ನಿಮ್ಮ ಹಳೇ ನಾಣ್ಯಕ್ಕೆ ಹತ್ತು ಲಕ್ಷ" ಎಂಬ ಜಾಹೀರಾತು ನೋಡಿ ರಾತ್ರಿಯಿಡೀ ನಿದ್ದೆಗೆಟ್ಟವರು ಸ್ವಲ್ಪ ಸಾವಧಾನವಾಗಿ ಓದಬೇಕು.

ಯಾವ ಡಾಲರು, ಎಲ್ಲಿಯ ಡಾಲರು?

ಅಮೆರಿಕ ಮೊಟ್ಟಮೊದಲು ಬೆಳ್ಳಿ ಡಾಲರು ಟಂಕಿಸಿದ್ದು 1794ರಲ್ಲಿ. ಆ ಇಸವಿಯ ಒಂದು ನಾಣ್ಯ 2013ರ ಜನವರಿಯಲ್ಲಿ ಹರಾಜಾಗಿ ಒಂದು ಕೋಟಿ ಡಾಲರಿನ ಮೇಲಕ್ಕೆ ಹೋಯಿತು. ಅದು ಕೋಟ್ಯಧೀಶರ ಆಟ, ನಮ್ಮ ನಿಮ್ಮಂಥವರದ್ದಲ್ಲ. ಸಾಮಾನ್ಯ ಸಂಗ್ರಾಹಕರು ಅಲ್ಲಿ ಕೊಳ್ಳುವುದು, ಮಾರುವುದು, ಜಗಳವಾಡುವುದು ಎಲ್ಲ ಮಾರ್ಗನ್ ಡಾಲರಿನ ಮೇಲೆ. ಜಾರ್ಜ್ ಮಾರ್ಗನ್ ಎಂಬ ಟಂಕಸಾಲೆಯ ಕೆತ್ತನೆಗಾರ ರೂಪಿಸಿದ್ದರಿಂದ ಆ ಹೆಸರು. ಒಂದು ಕಡೆ ಸ್ವಾತಂತ್ರ್ಯದೇವಿಯ ಮುಖ. ಅದಕ್ಕೆ ಮಾದರಿಯಾಗಿ ಕೂತವಳು ಫಿಲಡೆಲ್ಫಿಯಾದ ಅನ್ನಾ ವಿಲಿಯಮ್ಸ್ ಎಂಬ ಶಾಲಾ ಮಾಸ್ತರಿಣಿ. ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. 1878ರಿಂದ 1904ರವರೆಗೆ ಬಂತು, ನಿಂತಿತು, 1921ರಲ್ಲಿ ಮತ್ತೆ ಒಂದು ವರ್ಷ ಬಂತು. ತೂಕ 26.73 ಗ್ರಾಂ, ಅಗಲ 38.1 ಮಿಲಿಮೀಟರ್, ನೂರಕ್ಕೆ ತೊಂಬತ್ತು ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಈ ಮೂರು ಲೆಕ್ಕ ಗುರುತು ಹಾಕಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಈ ಡಾಲರು ಹುಟ್ಟಿದ್ದೇ ಒಂದು ರಾಜಕೀಯದಿಂದ. ನೆವಾಡದ ಗಣಿಗಳಲ್ಲಿ ಬೆಳ್ಳಿ ಧಾರಾಳವಾಗಿ ಸಿಕ್ಕಿ ಬೆಲೆ ಕುಸಿಯುತ್ತಿದ್ದಾಗ, ಗಣಿ ಕಡೆಯವರ ಒತ್ತಾಯಕ್ಕೆ ಮಣಿದು 1878ರಲ್ಲಿ ಬ್ಲಾಂಡ್-ಆಲಿಸನ್ ಕಾಯಿದೆ ಮಾಡಿದರು. ಸರ್ಕಾರ ತಿಂಗಳಿಗೆ 20 ಲಕ್ಷದಿಂದ 40 ಲಕ್ಷ ಡಾಲರಿನ ಬೆಳ್ಳಿ ಕೊಳ್ಳಲೇಬೇಕು, ನಾಣ್ಯ ಹೊಡೆಯಲೇಬೇಕು. ಜನಕ್ಕೆ ಬೇಕಿತ್ತೋ? ಬೇಕಿರಲಿಲ್ಲ. ಅಷ್ಟು ಭಾರದ ನಾಣ್ಯ ಜೇಬಿಗೆ ಹಾಕಿಕೊಂಡು ಯಾರು ತಿರುಗುತ್ತಾರೆ? ಹೀಗಾಗಿ ಕಾಗದದ ಸರ್ಟಿಫಿಕೇಟು ಹೊರಗೆ ಓಡಾಡಿತು, ನಾಣ್ಯಗಳು ಸಾವಿರ ಸಾವಿರದ ಚೀಲಗಳಲ್ಲಿ ಖಜಾನೆಯ ನೆಲಮಾಳಿಗೆಯಲ್ಲಿ ಮಲಗಿದವು. ಒಂದು ಚೀಲ ಅಂದರೆ ಹೆಚ್ಚುಕಡಿಮೆ 27 ಕಿಲೋ. ಎತ್ತಿ ಬಿಸಾಡುವಾಗ, ಗಾಡಿಗೆ ಹಾಕುವಾಗ, ಎಣಿಸುವಾಗ ನಾಣ್ಯಕ್ಕೆ ನಾಣ್ಯ ತಾಗಿ ಮುಖದ ಮೇಲೆ ಗೀರು.

ಇಲ್ಲೇ ಇರುವುದು ಗುಟ್ಟು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗದೆ, ಹೊಸದಾಗೇ ಉಳಿದ ಮಾರ್ಗನ್ ಡಾಲರುಗಳು ಲಕ್ಷಗಟ್ಟಲೆ ಇವೆ. ಎಲ್ಲವೂ ಹೊಸವೇ ಆದಮೇಲೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಏನು? ಆ ಚೀಲದ ಗೀರು, ಹೊಳಪು, ಅಚ್ಚು ಬಿದ್ದ ರೀತಿ. ಆದ್ದರಿಂದಲೇ ಬೇರೆ ಯಾವ ನಾಣ್ಯಕ್ಕೂ ಇಲ್ಲದಷ್ಟು ಕೂದಲು ಸೀಳುವ ಲೆಕ್ಕ ಈ ನಾಣ್ಯಕ್ಕೆ ಬಂತು.

ಎಪ್ಪತ್ತಕ್ಕೆ ಎಷ್ಟು ಮಾರ್ಕು?

ನಾಣ್ಯಕ್ಕೆ 1ರಿಂದ 70ರವರೆಗೆ ಮಾರ್ಕು ಕೊಡುವ ಪದ್ಧತಿ. ನೂರು ಯಾಕಲ್ಲ ಅಂತ ಕೇಳಿದರೆ ನಗು ಬರುತ್ತದೆ. ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ 1949ರಲ್ಲಿ ಹಳೇ ತಾಮ್ರದ ಸೆಂಟುಗಳ ಬಗ್ಗೆ ಒಂದು ಪುಸ್ತಕ ಬರೆದ. ಗುರುತೇ ಸಿಗದಷ್ಟು ಸವೆದ ಸೆಂಟು ಒಂದು ಡಾಲರಿಗೆ ಹೋದರೆ, ಅದೇ ಸೆಂಟು ಅಪ್ಪಟವಾಗಿದ್ದರೆ 70 ಡಾಲರಿಗೆ ಹೋಗುತ್ತದೆ ಎನ್ನುವುದು ಅವನ ಅಂದಾಜು. ಅಂದರೆ ಅದು ಅಂದದ ಮಾರ್ಕಲ್ಲ, ಅಂದಿನ ಪೇಟೆಯ ಬೆಲೆಪಟ್ಟಿ! ಆ ಬೆಲೆಗಳು ಕೆಲವೇ ವರ್ಷದಲ್ಲಿ ಮಣ್ಣುಪಾಲಾದವು, ನಂಬರು ಮಾತ್ರ ಉಳಿಯಿತು. ಅಮೆರಿಕದ ನಾಣ್ಯ ಸಂಗ್ರಾಹಕರ ಸಂಘದವರು 1977ರಲ್ಲಿ ಅದನ್ನೇ ಎಲ್ಲ ನಾಣ್ಯಕ್ಕೂ ಅಧಿಕೃತ ಮಾಡಿದರು.

ಇನ್ನೊಂದು ಸಂಗತಿ. ಈ ಶೆಲ್ಡನ್ ಸಾಹೇಬ ತೀರಿಕೊಂಡದ್ದು 1977ರಲ್ಲಿ. ಆಮೇಲೆ ಗೊತ್ತಾದದ್ದು ಏನೆಂದರೆ, ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಒಳ್ಳೊಳ್ಳೆಯ ಸೆಂಟುಗಳನ್ನು ಎತ್ತಿಕೊಂಡು, ಆ ಜಾಗಕ್ಕೆ ತನ್ನಲ್ಲಿದ್ದ ಕಳಪೆಯವನ್ನು ಇಟ್ಟು ಬಂದಿದ್ದನಂತೆ ಪುಣ್ಯಾತ್ಮ! ಸೊಸೈಟಿಯವರು ಕೋರ್ಟು ಕಟ್ಟೆ ಹತ್ತಿ ನಾಣ್ಯ ವಾಪಸು ಪಡೆಯಬೇಕಾಯಿತು. ದರ್ಜೆ ಗುರುತಿಸುವ ಕಣ್ಣಂತೂ ಅವನಿಗಿತ್ತು, ಅದರಲ್ಲಿ ಸಂಶಯವಿಲ್ಲ.

ಈಗ ಮಾರ್ಕಿನ ವಿವರ. 4 ಮತ್ತು 6 ಅಂದರೆ 'ಗುಡ್'. ಈ ಹೆಸರಿಗೆ ಮೋಸ ಹೋಗಬೇಡಿ. ನಾಣ್ಯದ ಭಾಷೆಯಲ್ಲಿ 'ಗುಡ್' ಅಂದರೆ ದೇವಿಯ ಕೂದಲು ಕಿವಿ ಎಲ್ಲ ಸವೆದು ಬರೀ ಅಂಚಿನ ಗೆರೆ ಉಳಿದದ್ದು. 12ಕ್ಕೆ 'ಫೈನ್', 20ರಿಂದ 'ವೆರಿ ಫೈನ್', 40ಕ್ಕೆ 'ಎಕ್ಸ್‌ಟ್ರೀಮ್ಲಿ ಫೈನ್', 50ರಿಂದ 58 'ಎಯು', ಅಂದರೆ ಚಲಾವಣೆಯ ಸೋಂಕು ತುಸುವೇ ತಗುಲಿದ್ದು. 60ರಿಂದ ಮೇಲಕ್ಕೆ 'ಎಂ.ಎಸ್.', ಎಂದರೆ ಕೈಯಾಡದ, ಟಂಕಸಾಲೆಯಿಂದ ಬಂದ ಹಾಗೇ ಇರುವ ನಾಣ್ಯ. ಅದರಲ್ಲೂ 60ರಿಂದ 70ರವರೆಗೆ ಹನ್ನೊಂದು ಮೆಟ್ಟಿಲು. ಬೆಲೆ ಹಾರಾಡುವುದು ಈ ಹನ್ನೊಂದು ಮೆಟ್ಟಿಲ ಮೇಲೆಯೇ.

ನಮ್ಮ ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ವಿಂಗಡಿಸುವುದಿಲ್ಲವೇ? ಹಾಗೇ ಇದೂ. ಆದರೆ ಮಂಡಿಯಲ್ಲಿ ಕೊಳ್ಳುವವನು ಮೂಟೆಗೆ ಕೈ ಹಾಕಿ, ಅಡಿಕೆ ಒಡೆದು ನೋಡಿ ರೇಟು ಬರೆಯುತ್ತಾನೆ. ಅಲ್ಲಿಯ ನಾಣ್ಯ ಪೇಟೆಯಲ್ಲಿ ಡಬ್ಬಿಯ ಮೇಲಿನ ಚೀಟಿ ನೋಡಿ ದುಡ್ಡು ಎಣಿಸುವ ಕಾಲ ಬಂದುಬಿಟ್ಟಿದೆ. ಆ ಕಥೆಗೆ ಆಮೇಲೆ ಬರೋಣ.

ಕಣ್ಣಿಟ್ಟು ನೋಡುವುದು ಎಲ್ಲಿ?

ಮೊದಲು ನೋಡಬೇಕಾದದ್ದು ಸವೆತ. ಮಾರ್ಗನ್ ಡಾಲರಿನಲ್ಲಿ ಅದು ಮೊದಲು ಕಾಣುವುದು ಎತ್ತರದ ಜಾಗದಲ್ಲಿ: ದೇವಿಯ ಕಿವಿ, ಕಣ್ಣಿನ ಮೇಲಿನ ಕೂದಲ ಎಳೆ, ಕೆನ್ನೆ, ಹಿಂಬದಿಯಲ್ಲಿ ಹದ್ದಿನ ಎದೆಯ ಗರಿಗಳು. ಅಲ್ಲಿ ಬೆಳ್ಳಿ ಮಾಸಲು ಬೂದು ಬಣ್ಣಕ್ಕೆ ತಿರುಗಿದ್ದರೆ ಅದು ಕೈಯಾಡಿದ ನಾಣ್ಯ, 60 ದಾಟುವುದಿಲ್ಲ.

ಹಾಗಂತ ಹದ್ದಿನ ಎದೆ ಬೋಳಾಗಿದ್ದ ಕೂಡಲೇ ಸವೆದಿದೆ ಅಂತ ತೀರ್ಮಾನ ಮಾಡುವ ಹಾಗೂ ಇಲ್ಲ. ನ್ಯೂ ಓರ್ಲಿಯನ್ಸ್ ಟಂಕಸಾಲೆಯವರು ಎಷ್ಟೋ ವರ್ಷ ಅಚ್ಚು ಗಟ್ಟಿಯಾಗಿ ಒತ್ತಲೇ ಇಲ್ಲ. ಅವರ ನಾಣ್ಯದಲ್ಲಿ ಕಿವಿಯ ಮೇಲಿನ ಕೂದಲೂ ಹದ್ದಿನ ಎದೆಯೂ ಹುಟ್ಟಿದಾಗಲೇ ಚಪ್ಪಟೆ. ಸ್ಯಾನ್ ಫ್ರಾನ್ಸಿಸ್ಕೋದ್ದು ನೋಡಿ, ಮುಖ್ಯವಾಗಿ 1880ರಿಂದ 82ರವರೆಗಿನದು, ಗರಿ ಗರಿಯೂ ಎಣಿಸುವ ಹಾಗಿರುತ್ತದೆ. ಸವೆತವೋ, ಅಚ್ಚಿನ ದೋಷವೋ ಎಂದು ಬಿಡಿಸಿ ಹೇಳುವುದು ಹೊಳಪು. ಅಚ್ಚು ಅಪ್ಪಳಿಸಿದಾಗ ಲೋಹ ನಡುವಿನಿಂದ ಅಂಚಿಗೆ ಹರಿದು ಕಣ್ಣಿಗೆ ಕಾಣದ ಸಣ್ಣ ಗೆರೆಗಳು ಬೀಳುತ್ತವೆ. ನಾಣ್ಯವನ್ನು ಒಂದೇ ಬಲ್ಬಿನ ಕೆಳಗೆ ಹಿಡಿದು ಓರೆ ಮಾಡಿದರೆ ಬೆಳಕು ಗಾಡಿಚಕ್ರದ ಅರೆಗಳ ಹಾಗೆ ಗರಗರ ತಿರುಗುತ್ತದೆ. ಆ ಚಕ್ರ ಎಲ್ಲೂ ಕಡಿಯದೆ ಎತ್ತರದ ಜಾಗದ ಮೇಲೂ ಹಾದು ಹೋದರೆ ನಾಣ್ಯ ಹೊಸದು. ಕೆನ್ನೆಯ ಹತ್ತಿರ ಬಂದು ಸತ್ತುಹೋದರೆ ಸವೆತ. ಟ್ಯೂಬ್‌ಲೈಟಿನ ಕೆಳಗೆ ಇದು ಗೊತ್ತಾಗುವುದಿಲ್ಲ. ಸರಾಫರ ಅಂಗಡಿಯಲ್ಲಿ ಹತ್ತು ಕಡೆ ದೀಪ ಉರಿಯುತ್ತಿರುವಾಗ ಎಲ್ಲ ನಾಣ್ಯವೂ ಮದುಮಗಳೇ.

ಮೂರನೆಯದು ಗೀರು. ಇದರಲ್ಲೂ ಜಾತಿ ಇದೆ. ಕೂದಲಿನ ನಡುವೆ, ಹದ್ದಿನ ರೆಕ್ಕೆಯೊಳಗೆ ಬಿದ್ದ ಗೀರು ಕಣ್ಣಿಗೆ ಬೀಳುವುದಿಲ್ಲ, ಅದನ್ನು ಕ್ಷಮಿಸುತ್ತಾರೆ. ಅದೇ ಗೀರು ದೇವಿಯ ನುಣುಪು ಕೆನ್ನೆಯ ನಟ್ಟನಡುವೆ ಬಿದ್ದರೆ ಒಂದೇ ಏಟಿಗೆ ಎರಡು ಮೂರು ಮೆಟ್ಟಿಲು ಕೆಳಕ್ಕೆ. ಮಾರ್ಗನ್ ಡಾಲರಿನ ಹಣೆಬರಹ ಕೆನ್ನೆಯ ಮೇಲೆ! ಹೆಣ್ಣು ನೋಡಲು ಬಂದ ಬೀಗರ ಹಾಗೆ, ಕೊಳ್ಳುವವನು ಮೊದಲು ನೋಡುವುದೇ ಅಲ್ಲಿ.

ಕೊನೆಯದು, ನೋಟಕ್ಕೆ ಹಿತವಾಗಿದೆಯೇ ಎಂಬುದು. ಇದಕ್ಕೆ ಅಳತೆಗೋಲಿಲ್ಲ. ಚೀಲದ ಬಟ್ಟೆಗೆ ತಾಗಿ ವರ್ಷಾನುಗಟ್ಟಲೆ ಕೂತ ನಾಣ್ಯದ ಮೇಲೆ ನವಿಲುಗರಿಯಂಥ ನೀಲಿ, ಹಸುರು, ಕೆಂಪು ಬಣ್ಣ ಏರಿರುತ್ತದೆ. ಕೆಲವರು ಅದಕ್ಕೆ ಹತ್ತು ಪಟ್ಟು ದುಡ್ಡು ಸುರಿಯುತ್ತಾರೆ, ಕೆಲವರು ತುಕ್ಕು ಅಂತ ಮೂಗು ಮುರಿಯುತ್ತಾರೆ. 58 ಮಾರ್ಕಿನ ಒಂದು ನಾಣ್ಯ, ಮುಖದ ತುಂಬ ಗೀರಿರುವ 61ರ ನಾಣ್ಯಕ್ಕಿಂತ ಎಷ್ಟೋ ಚೆನ್ನಾಗಿ ಕಾಣಿಸುವುದೂ ಉಂಟು. ಆದರೂ ಪಟ್ಟಿಯಲ್ಲಿ 61ಕ್ಕೇ ಮೇಲಿನ ಜಾಗ.

ಒಂದೇ ಡಾಲರು, ಎರಡು ಭಾಗ್ಯ

ಇಸವಿಯ ಕೆಳಗೆ ಅಲ್ಲ, ಹಿಂಬದಿಯಲ್ಲಿ ಹದ್ದಿನ ಕೆಳಗಿನ ಹಾರದ ಗಂಟಿನ ಹತ್ತಿರ ಒಂದು ಸಣ್ಣ ಅಕ್ಷರ ಇರುತ್ತದೆ. 'ಎಸ್' ಅಂದರೆ ಸ್ಯಾನ್ ಫ್ರಾನ್ಸಿಸ್ಕೋ, 'ಓ' ಅಂದರೆ ನ್ಯೂ ಓರ್ಲಿಯನ್ಸ್, 'ಸಿಸಿ' ಅಂದರೆ ಕಾರ್ಸನ್ ಸಿಟಿ. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ಆ ಅಕ್ಷರ, ಇಸವಿ, ಮಾರ್ಕು, ಈ ಮೂರೂ ಸೇರಿದರೆ ಬೆಲೆ.

1884ರ ಎಸ್ ಡಾಲರನ್ನೇ ತಗೊಳ್ಳಿ. ಸವೆದದ್ದು ಬೇಕಾದಷ್ಟು ಸಿಗುತ್ತದೆ, ಸಾಧಾರಣ ಬೆಲೆ, ಯಾರಾದರೂ ಕೊಳ್ಳಬಹುದು. ಅದೇ ನಾಣ್ಯ 65ರ ದರ್ಜೆಯಲ್ಲಿ ಸಿಕ್ಕರೆ ಒಂದು ಲಕ್ಷ ಡಾಲರು ದಾಟಿ ಎಲ್ಲೋ ಹೋಗುತ್ತದೆ. ಕಾರಣ ಸರಳ. ಆ ವರ್ಷದ ಎಸ್ ನಾಣ್ಯಗಳು ಚೀಲದಲ್ಲಿ ಮಲಗಲಿಲ್ಲ, ಪೇಟೆಗೆ ಹೋಗಿ ಸವೆದವು. ಹೊಸದಾಗಿ ಉಳಿದವು ಬೆರಳೆಣಿಕೆ. ಇಂಥ ಕಡೆ ಎಯು 58ಕ್ಕೂ ಎಂ.ಎಸ್. 62ಕ್ಕೂ ನಡುವೆ ಒಂದು ಮನೆಯ ಬೆಲೆ ಕೂತಿರುತ್ತದೆ. ಅದನ್ನು ನಿರ್ಧಾರ ಮಾಡುವುದು ಯಾರೋ ಒಬ್ಬನ ಕಣ್ಣು! ಸ್ವಲ್ಪ ಯೋಚನೆ ಮಾಡಿ.

ಅಪರೂಪ ಅನ್ನುವುದೂ ಶಾಶ್ವತವಲ್ಲ. 1903ರ ಓ ಡಾಲರು ಒಂದು ಕಾಲಕ್ಕೆ ಸಿಕ್ಕುವುದೇ ಇಲ್ಲ ಎನ್ನುವಂತಿತ್ತು, 1962ರ ಹೊತ್ತಿಗೆ ಹೊಸ ನಾಣ್ಯಕ್ಕೆ 1,500 ಡಾಲರ್ ಎಂದು ಪಟ್ಟಿಯಲ್ಲಿತ್ತು. ಆ ವರ್ಷ ಕ್ರಿಸ್‌ಮಸ್ ಹಬ್ಬಕ್ಕೆ ಜನಕ್ಕೆ ಕೊಡಲೆಂದು ಖಜಾನೆಯವರು ಬೀಗ ಹಾಕಿಟ್ಟಿದ್ದ ಕೋಣೆ ತೆರೆದರು. ಒಳಗೆ ನೋಡಿದರೆ ಚೀಲಗಟ್ಟಲೆ 1903 ಓ! ಬೆಲೆ ಎರಡಂಕಿಗೆ ಬಂದು ಬಿತ್ತು. ಹೊಟ್ಟೆ ಬಟ್ಟೆ ಕಟ್ಟಿ ಅದನ್ನು ಕೊಂಡಿಟ್ಟವರ ಗತಿ ಏನಾಗಿರಬೇಡ? ಆಮೇಲೆ 1964ರ ಮಾರ್ಚಿನಲ್ಲಿ ಖಜಾನೆಯ ಮುಂದೆ ಜನ ಸಾಲುಗಟ್ಟಿ ನಿಂತಾಗ, ಕಾಗದಕ್ಕೆ ಡಾಲರು ಕೊಡುವುದನ್ನೇ ನಿಲ್ಲಿಸಿದರು. ಉಳಿದಿದ್ದ ಸುಮಾರು 29 ಲಕ್ಷ ನಾಣ್ಯ, ಅದರಲ್ಲಿ ಬಹುಪಾಲು ಕಾರ್ಸನ್ ಸಿಟಿಯವು, 1972ರಿಂದ 1980ರವರೆಗೆ ಸರ್ಕಾರವೇ ಅಂಚೆಯಲ್ಲಿ ಮಾರಿತು. ನೆವಾಡದ ರೀನೋ ಊರಿನ ಲಾವೇರ್ ರೆಡ್‌ಫೀಲ್ಡ್ ಎಂಬ ಶ್ರೀಮಂತ 1974ರಲ್ಲಿ ತೀರಿಕೊಂಡಾಗ ಮನೆಯಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಬೆಳ್ಳಿ ಡಾಲರು ಸಿಕ್ಕಿತು. 1976ರಲ್ಲಿ ಇಡೀ ರಾಶಿ 73 ಲಕ್ಷ ಡಾಲರಿಗೆ ಹರಾಜಾಯಿತು.

ಪ್ಲಾಸ್ಟಿಕ್ ಡಬ್ಬಿಯ ಪವಾಡ

ಎಂಬತ್ತರ ದಶಕದವರೆಗೆ ಅಲ್ಲಿಯ ಗ್ರಾಹಕನ ಗೋಳು ಹೇಳತೀರದು. ಕೊಳ್ಳುವಾಗ ವ್ಯಾಪಾರಿ "ಇದು 65" ಅನ್ನುತ್ತಾನೆ. ಅದೇ ನಾಣ್ಯ ವಾಪಸು ಮಾರಲು ಹೋದರೆ ಅದೇ ವ್ಯಾಪಾರಿ ಕನ್ನಡಕ ಏರಿಸಿ "ಅಯ್ಯೋ, ಇದು 63 ಅಲ್ಲವೇ" ಅನ್ನುತ್ತಾನೆ. ನಮ್ಮಲ್ಲಿ ಒಡವೆ ಮಾರಲು ಹೋದಾಗ 'ವೇಸ್ಟೇಜು' ಮುರಿಯುವುದಿಲ್ಲವೇ, ಅದೇ ವಿದ್ಯೆ.

ಇದಕ್ಕೆ ಪರಿಹಾರ ಅಂತ 1986ರಲ್ಲಿ ಡೇವಿಡ್ ಹಾಲ್ ಮತ್ತಿತರ ವ್ಯಾಪಾರಿಗಳು ಕ್ಯಾಲಿಫೋರ್ನಿಯಾದಲ್ಲಿ ಪಿ.ಸಿ.ಜಿ.ಎಸ್. ಎಂಬ ಕಂಪನಿ ತೆರೆದರು. ನಾಣ್ಯ ಕಳಿಸಿ, ಫೀಸು ಕೊಡಿ. ಇಬ್ಬರು ಮೂವರು ಪರಿಣತರು ಒಬ್ಬರ ಅಭಿಪ್ರಾಯ ಒಬ್ಬರಿಗೆ ತಿಳಿಯದಂತೆ ನೋಡಿ ಮಾರ್ಕು ಹಾಕುತ್ತಾರೆ. ನಂತರ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಸೆದು ಕೊಡುತ್ತಾರೆ. ಮರುವರ್ಷ, 1987ರಲ್ಲಿ, ಎನ್.ಜಿ.ಸಿ. ಎಂಬ ಇನ್ನೊಂದು ಕಂಪನಿ. ಇವತ್ತಿಗೂ ಪೇಟೆ ನಡೆಸುವುದು ಈ ಎರಡೇ. ನಾಣ್ಯ ಖೋಟಾ ಎಂದಾದರೆ, ಮಾರ್ಕು ಹೆಚ್ಚಾಯಿತೆಂದು ಸಾಬೀತಾದರೆ ನಷ್ಟ ಕಟ್ಟಿಕೊಡುವ ಭರವಸೆಯೂ ಉಂಟು. ಗ್ರಾಹಕ ನಿಟ್ಟುಸಿರು ಬಿಟ್ಟ, ನಿಜ.

ಆದರೆ ದುಡ್ಡಿರುವ ಕಡೆ ಬುದ್ಧಿ ಸುಮ್ಮನಿರುತ್ತದೆಯೇ? ಡಬ್ಬಿ ಬಂದ ಮೇಲೆ ನಾಣ್ಯ ನೋಡದೆಯೇ ಟೆಲಿಫೋನಿನಲ್ಲಿ ವ್ಯಾಪಾರ ಶುರುವಾಯಿತು. ಷೇರು ಪೇಟೆಯ ದುಡ್ಡು ನುಗ್ಗಿತು. 65ರ ಡಾಲರು ಕಂಪನಿ ಷೇರಿನ ಹಾಗೆ ಕೈ ಬದಲಾಯಿತು. 1989ರಲ್ಲಿ ಬೆಲೆ ಆಕಾಶಕ್ಕೆ, 1990ರಲ್ಲಿ ಪಾತಾಳಕ್ಕೆ. ಅದೇ 1990ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನು, ಮಾರ್ಕಿನ ಖಚಿತತೆಯ ಬಗ್ಗೆ ಜಾಹೀರಾತಿನಲ್ಲಿ ಅತಿಯಾಗಿ ಹೇಳಿಕೊಂಡಿದೆ ಎಂದು ಪಿ.ಸಿ.ಜಿ.ಎಸ್. ಮೇಲೆ ದೂರು ತಂದು, ಅದು ರಾಜಿಯಲ್ಲಿ ಮುಗಿಯಿತು.

ಇನ್ನೊಂದು ಕಸುಬು ಹುಟ್ಟಿಕೊಂಡಿತು ನೋಡಿ: ಡಬ್ಬಿ ಒಡೆಯುವ ಕಸುಬು. 64 ಬಂದ ನಾಣ್ಯವನ್ನು ಡಬ್ಬಿ ಒಡೆದು ತೆಗೆದು ಮತ್ತೆ ಕಳಿಸುವುದು. ಮತ್ತೆ 64 ಬಂತೋ, ಮತ್ತೆ ಒಡಿ, ಮತ್ತೆ ಕಳಿಸು. ಯಾವತ್ತೋ ಒಂದು ದಿನ ಪರೀಕ್ಷಕನ ಮನಸ್ಸು ಪ್ರಸನ್ನವಾಗಿದ್ದು 65 ಹಾಕಿದರೆ ಅಲ್ಲಿಗೆ ನಿಲ್ಲಿಸುವುದು! ಎಸ್ಸೆಸ್ಸೆಲ್ಸಿ ಪೇಪರು ರೀವ್ಯಾಲ್ಯುಯೇಶನ್ನಿಗೆ ಹಾಕಿದ ಹಾಗೆ. ಪರೀಕ್ಷಕ ಒಂದು ನಾಣ್ಯದ ಮೇಲೆ ಕಣ್ಣಾಡಿಸುವುದು ಕೆಲವೇ ಸೆಕೆಂಡು, ಮನುಷ್ಯನೇ ತಾನೇ. ಒಂದೇ ನಾಣ್ಯ ನಾಲ್ಕು ಸಲ ಹೋದರೆ ಕಂಪನಿಯ ಲೆಕ್ಕದಲ್ಲಿ ನಾಲ್ಕು ನಾಣ್ಯವಾಗಿ ಕೂರುವುದೂ ಉಂಟು. ಮಾರ್ಕು ವರ್ಷದಿಂದ ವರ್ಷಕ್ಕೆ ಸಡಿಲವಾಗುತ್ತಿದೆ ಎಂಬ ಗುಲ್ಲೆದ್ದು, 2007ರಲ್ಲಿ ಸಿ.ಎ.ಸಿ. ಎಂಬ ಮೂರನೆಯ ಕಂಪನಿ ಬಂತು. ಇದನ್ನು ತೆರೆದವನು ಜಾನ್ ಅಲ್ಬನೀಸ್, ಎನ್.ಜಿ.ಸಿ. ಹುಟ್ಟುಹಾಕಿದವನೇ. ಕೆಲಸ ಏನು? ಆ ಎರಡು ಕಂಪನಿಯವರು ಕೊಟ್ಟ ಮಾರ್ಕು ಸರಿಯಿದೆಯೇ ಅಂತ ನೋಡಿ, ಸರಿಯಿದ್ದರೆ ಡಬ್ಬಿಯ ಮೇಲೆ ಹಸಿರು ಚೀಟಿ ಅಂಟಿಸುವುದು. ಪರೀಕ್ಷಕರಿಗೊಬ್ಬ ಪರೀಕ್ಷಕ! ಚೀಟಿ ಇರುವ ನಾಣ್ಯಕ್ಕೆ ಹೆಚ್ಚು ಬೆಲೆ.

ನನ್ನ ಅಭಿಪ್ರಾಯ ಕೇಳಿದರೆ, ಡಬ್ಬಿ ಖೋಟಾ ನಾಣ್ಯದ ವಿರುದ್ಧ ದೊಡ್ಡ ಉಪಕಾರ ಮಾಡಿದೆ. 64ಕ್ಕೂ 65ಕ್ಕೂ ನಡುವಿನ ವ್ಯತ್ಯಾಸದ ವಿಚಾರದಲ್ಲಿ ಮಾತ್ರ ಅದು ಒಂದು ಅಭಿಪ್ರಾಯಕ್ಕೆ ಹಾಕಿದ ಬೀಗ, ಅಷ್ಟೇ. ಈಗಿನ ಹೊಸ ಬೆಳ್ಳಿ ಡಾಲರುಗಳದ್ದಂತೂ ಇನ್ನೂ ತಮಾಷೆ. 1986ರಿಂದ ಬರುತ್ತಿರುವ ಈಗಲ್ ಡಾಲರು, 2021ರಲ್ಲಿ ಮತ್ತೆ ಹೊಡೆಯಲು ಶುರುಮಾಡಿದ ಮಾರ್ಗನ್ ಡಾಲರು, ಇವು ಟಂಕಸಾಲೆಯಿಂದ ನೇರ ಡಬ್ಬಿಗೆ ಹೋಗುತ್ತವೆ. ಬಹುಪಾಲಿಗೆ 69 ಅಥವಾ 70. ಬರಿಗಣ್ಣಿಗೆ ಎರಡಕ್ಕೂ ಭೇದ ಕಂಡರೆ ನಿಮ್ಮ ಕಣ್ಣಿಗೆ ದೃಷ್ಟಿ ತೆಗೆಯಬೇಕು.

ತೊಳೆದಿರೋ, ಕೆಟ್ಟಿತು!

ನಮ್ಮ ಮನೆಗಳಲ್ಲಿ ಲಕ್ಷ್ಮೀಪೂಜೆಗೆ ಇಟ್ಟ ಬೆಳ್ಳಿ ನಾಣ್ಯವನ್ನು ಹಬ್ಬಕ್ಕೊಮ್ಮೆ ವಿಭೂತಿ ಹಾಕಿ ಉಜ್ಜಿ ಫಳಫಳ ಮಾಡುವುದು ವಾಡಿಕೆ. ಪೂಜೆಗೆ ಒಳ್ಳೆಯದೇ. ನಾಣ್ಯದ ದರ್ಜೆಗೆ ಮಾತ್ರ ಅದು ಮರಣಶಾಸನ. ಉಜ್ಜಿದ ನಾಣ್ಯದ ಮೇಲೆ ಕೂದಲೆಳೆಯಂಥ ಗೆರೆಗಳು ಒಂದೇ ದಿಕ್ಕಿಗೆ ಬೀಳುತ್ತವೆ. ನಾನು ಹೇಳಿದ ಆ ಬೆಳಕಿನ ಚಕ್ರ ನಿಂತುಹೋಗುತ್ತದೆ. ರಾಸಾಯನಿಕ ದ್ರವದಲ್ಲಿ ಅದ್ದಿದರೂ ಮೇಲಿನ ಪದರ ಕರಗಿ, ಎರಡು ಮೂರು ಸಲಕ್ಕೆ ನಾಣ್ಯ ಬೆಳ್ಳಗೆ ಪೆಚ್ಚಾಗಿ ಸತ್ತ ಮೀನಿನ ಕಣ್ಣಿನಂತಾಗುತ್ತದೆ. ಅಂಥ ನಾಣ್ಯಕ್ಕೆ ಕಂಪನಿಯವರು ನಂಬರು ಕೊಡುವುದಿಲ್ಲ, 'ತೊಳೆದದ್ದು' ಅಂತ ಬರೆದು ಕಳಿಸುತ್ತಾರೆ, ಬೆಲೆ ಅರ್ಧಕ್ಕೂ ಕೆಳಗೆ. ಕಾಸಿನ ಸರಕ್ಕೆಂದು ಕೊಂಡಿ ಬೆಸೆದ ನಾಣ್ಯ, ತೂತು ಹೊಡೆದ ನಾಣ್ಯ ಇವಕ್ಕೂ ಅದೇ ಗತಿ. ಕಪ್ಪಾಗಿದ್ದರೆ ಇರಲಿ ಬಿಡಿ; ಅಂಚು ಹಿಡಿದು ಎತ್ತಿ, ಮುಖ ಮುಟ್ಟಬೇಡಿ.

ಖೋಟಾ ಡಾಲರಿನ ಕಾಟ

ಅಮೆರಿಕದಲ್ಲಿ 1973ರಿಂದ ಕಾಯಿದೆ ಇದೆ: ನಕಲು ನಾಣ್ಯದ ಮೇಲೆ 'ಕಾಪಿ' ಅಂತ ಅಚ್ಚೊತ್ತಲೇಬೇಕು. 2014ರಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ಚೀನಾದಿಂದ ಬರುವ ಖೋಟಾ ಮಾಲಿಗೆ ಇದು ಯಾವ ಲೆಕ್ಕ? ನಾಣ್ಯವಷ್ಟೇ ಅಲ್ಲ, ಈಗ ಡಬ್ಬಿಯನ್ನೂ ಚೀಟಿಯನ್ನೂ ಸಮೇತ ನಕಲು ಮಾಡುತ್ತಾರೆ. ಡಬ್ಬಿಯ ಮೇಲಿನ ನಂಬರನ್ನು ಕಂಪನಿಯ ಇಂಟರ್ನೆಟ್ ಪಟ್ಟಿಯಲ್ಲಿ ಹುಡುಕಿದರೆ ನಂಬರು ಸಿಗುತ್ತದೆ, ಯಾಕೆಂದರೆ ಅಸಲಿ ಡಬ್ಬಿಯ ನಂಬರನ್ನೇ ಕದ್ದಿರುತ್ತಾರೆ! ಪಟ್ಟಿಯಲ್ಲಿ ಫೋಟೋ ಇದ್ದರೆ ಗೀರಿಗೆ ಗೀರು ಹೋಲಿಸಿ ನೋಡುವುದೇ ದಾರಿ.

ಇದಲ್ಲದೆ ಅಸಲಿ ನಾಣ್ಯಕ್ಕೇ ಸಣ್ಣ ಶಸ್ತ್ರಚಿಕಿತ್ಸೆ ಮಾಡುವವರಿದ್ದಾರೆ. 1893ರ ಎಸ್ ಡಾಲರು ಹೊಡೆದದ್ದು ಒಂದೇ ಲಕ್ಷ, ಮಾರ್ಗನ್ ಸಾಲಿನಲ್ಲಿ ಚಲಾವಣೆಗೆ ಬಂದದ್ದರಲ್ಲಿ ಅತಿ ಕಡಿಮೆ. ಹಾಗಾಗಿ ಅಗ್ಗದ 1893ರ ಫಿಲಡೆಲ್ಫಿಯಾ ನಾಣ್ಯಕ್ಕೆ ಒಂದು 'ಎಸ್' ಅಂಟಿಸಿಬಿಡುತ್ತಾರೆ. ಅಸಲಿಯನ್ನು ಹಿಡಿಯುವ ಗುರುತು, ದೇವಿಯ ತಲೆಪಟ್ಟಿಯ ಮೇಲಿನ 'ಲಿಬರ್ಟಿ' ಪದದ 'ಟಿ' ಅಕ್ಷರದ ತುದಿಯಲ್ಲಿ ಅಚ್ಚಿನಿಂದಲೇ ಬಂದ ಒಂದು ಸಣ್ಣ ಓರೆಗೆರೆ. ಅದಿಲ್ಲದಿದ್ದರೆ ಕೈ ಮುಗಿದು ವಾಪಸು ಕೊಡಿ.

ನಮ್ಮ ಸರಾಫರಿಗೆ ಇಷ್ಟು ಸಾಕು: ತೂಕ 26.73 ಗ್ರಾಂನಿಂದ ತುಂಬ ದೂರ ಹೋಗಬಾರದು, ಆಯಸ್ಕಾಂತಕ್ಕೆ ಅಂಟಬಾರದು, ಅಗಲ 38.1 ಮಿಲಿಮೀಟರ್ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮಾತು ಮುಗಿಯಿತು. ಮೂರೂ ಸರಿಯಿದ್ದರೆ ಅಸಲಿ ಅಂತಲ್ಲ, ಮುಂದೆ ನೋಡಬಹುದು ಅಂತ. ಊರಿನ ಸಂತೆಯಲ್ಲಿ 1794ರ ಡಾಲರು ಅಂತ ಇನ್ನೂರು ರೂಪಾಯಿಗೆ ಸಿಕ್ಕರೆ ಮಕ್ಕಳಿಗೆ ಆಟಕ್ಕೆ ಕೊಡಿ.

ಅವರ ಡಾಲರು ನಮ್ಮ ರೂಪಾಯಿಯಾದ ಕಥೆ

ಈ ಡಾಲರಿಗೂ ನಮ್ಮ ಊರಿನ ಟ್ರಂಕಿಗೂ ಏನು ಸಂಬಂಧ ಅಂತೀರಾ? ಇದೆ, ಗಟ್ಟಿ ಸಂಬಂಧವೇ ಇದೆ.

ಮೊದಲ ಮಹಾಯುದ್ಧದ ಕೊನೆಗಾಲ. ಇಂಡಿಯಾದಿಂದ ಯುದ್ಧಕ್ಕೆ ಬೇಕಾದ ಮಾಲು ಕೊಂಡು ಬ್ರಿಟಿಷರು ರೂಪಾಯಿ ಸುರಿದಿದ್ದರು. ಜನ ಬೆಳ್ಳಿ ರೂಪಾಯಿ ಹೂತಿಟ್ಟು ನೋಟು ತಂದು ಬೆಳ್ಳಿ ಕೇಳತೊಡಗಿದರು. ಬೆಳ್ಳಿ ಉಳಿಸಲು 1917ರ ಕೊನೆಯಲ್ಲಿ ಒಂದು ರೂಪಾಯಿ ನೋಟು, 1918ರ ಮೊದಲಲ್ಲಿ ಎರಡೂವರೆ ರೂಪಾಯಿ ನೋಟು ತಂದರು. ಸಾಲಲಿಲ್ಲ. ಖಜಾನೆಯಲ್ಲಿ ಬೆಳ್ಳಿ ಬರಿದಾಗುವ ಹೊತ್ತಿಗೆ ಬ್ರಿಟನ್ ಅಮೆರಿಕದ ಮೊರೆ ಹೋಯಿತು. 1918ರ ಏಪ್ರಿಲ್ 23ರಂದು ಪಿಟ್‌ಮನ್ ಕಾಯಿದೆ ಪಾಸಾಯಿತು. ನೆಲಮಾಳಿಗೆಯ ಚೀಲಗಳು ಹೊರಗೆ ಬಂದವು. ಒಟ್ಟು 27,02,32,722 ಬೆಳ್ಳಿ ಡಾಲರು ಕುಲುಮೆಗೆ ಬಿತ್ತು. ಅದರಲ್ಲಿ 25 ಕೋಟಿ 91 ಲಕ್ಷ ಡಾಲರಿನ ಬೆಳ್ಳಿ, ಅಂದರೆ 20 ಕೋಟಿ ಔನ್ಸ್, ಇಂಡಿಯಾಕ್ಕಾಗಿ ಬ್ರಿಟನ್ನಿಗೆ ಮಾರಾಟವಾಯಿತು. ನಮ್ಮ ಒಂದು ತೊಲದ ರೂಪಾಯಿಯಲ್ಲಿ 10.69 ಗ್ರಾಂ ಅಪ್ಪಟ ಬೆಳ್ಳಿ. ಡಾಲರಿನಲ್ಲಿ 24.06 ಗ್ರಾಂ. ಎರಡೂಕಾಲು ರೂಪಾಯಿಗೆ ಒಂದು ಡಾಲರು. ಲೆಕ್ಕ ಹಾಕಿದರೆ 58 ಕೋಟಿ ರೂಪಾಯಿ ಹೊಡೆಯುವಷ್ಟು ಬೆಳ್ಳಿ ಅದು.

ಯಾವ ಇಸವಿಯ ಎಷ್ಟು ನಾಣ್ಯ ಕರಗಿತು ಎಂಬ ಲೆಕ್ಕವನ್ನು ಅಮೆರಿಕದವರು ಇಡಲಿಲ್ಲ. ಇಂದು ಯಾವ ಇಸವಿ ಅಪರೂಪ, ಯಾವುದು ಅಗ್ಗ ಎಂಬ ಗೊಂದಲದಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟಿದ್ದು. ಇವತ್ತು 66, 67 ಬಂದು ಡಬ್ಬಿಯಲ್ಲಿ ಮೆರೆಯಬೇಕಾಗಿದ್ದ ಎಷ್ಟು ನಾಣ್ಯ ಬೊಂಬಾಯಿ, ಕಲ್ಕತ್ತೆಯ ಟಂಕಸಾಲೆಗಳಲ್ಲಿ ಐದನೇ ಜಾರ್ಜನ ತಲೆ ಹೊತ್ತು, ನಮ್ಮ ಅಜ್ಜಂದಿರ ಸೊಂಟದ ಚೀಲಕ್ಕೆ ಬಂತೋ! 1918, 1919, 1920ರ ರೂಪಾಯಿಗಳು ಇಷ್ಟೊಂದು ಸಿಗುವುದು ಇದೇ ಕಾರಣಕ್ಕೆ. ಇಷ್ಟೊಂದು ಸಿಗುವುದರಿಂದಲೇ ಅದಕ್ಕೆ ಲಕ್ಷವೂ ಬರುವುದಿಲ್ಲ.

ಬೆಳ್ಳಿ ಏರಿದಾಗ ದರ್ಜೆ ಏನಾಗುತ್ತದೆ?

ಇದು ಈಗಿನ ಮುಖ್ಯ ಪ್ರಶ್ನೆ. ಔನ್ಸಿಗೆ 50 ಡಾಲರಾದರೆ ಒಂದು ಮಾರ್ಗನ್ ಡಾಲರಿನ ಬೆಳ್ಳಿಯೇ 38 ಡಾಲರು ದಾಟುತ್ತದೆ. ಆಗ ಸಾಮಾನ್ಯ ಇಸವಿಯ 12 ಮಾರ್ಕಿನದೂ 40 ಮಾರ್ಕಿನದೂ ಒಂದೇ ಬೆಲೆಗೆ, ತೂಕಕ್ಕೆ. ಬೆಳ್ಳಿ ಏರಿದಷ್ಟೂ ಕೆಳಗಿನ ಮೆಟ್ಟಿಲುಗಳು ಮುಳುಗುತ್ತಾ ಹೋಗುತ್ತವೆ. ಮೇಲಿನ ಮೆಟ್ಟಿಲುಗಳಿಗೆ ಮಾತ್ರ ಲೆಕ್ಕ. 1980ರಲ್ಲಿ ಹಂಟ್ ಸಹೋದರರು ಬೆಳ್ಳಿ ದಾಸ್ತಾನು ಮಾಡಿ ಬೆಲೆ 50ರ ಹತ್ತಿರ ಒಯ್ದಾಗ, ಅಮೆರಿಕದಲ್ಲಿ ಹಳೇ ನಾಣ್ಯ ರಾಶಿರಾಶಿ ಕರಗಿಹೋಯಿತು. ಸವೆದ ನಾಣ್ಯದ ಜತೆಗೆ ಒಳ್ಳೆಯವೂ ಹೋದವು, ಪುರುಸೊತ್ತಾಗಿ ನೋಡಿದವರು ಯಾರು? ಆ ವರ್ಷ ಮಾರ್ಚಿ ತಿಂಗಳಲ್ಲೇ ಬೆಲೆ ಕುಸಿಯಿತು. ನಮ್ಮಲ್ಲೂ ಈಗ ಗಡಿಬಿಡಿಯಲ್ಲಿ ತಕ್ಕಡಿಗೆ ಹಾಕುವ ಮುಂಚೆ ಒಮ್ಮೆ ಇಸವಿ, ಅಕ್ಷರ, ಕೆನ್ನೆ ನೋಡುವುದು ಕ್ಷೇಮ.

ಇನ್ನು ಆ ಮೊಬೈಲ್ ಜಾಹೀರಾತು. ವೈಷ್ಣೋದೇವಿ ಚಿತ್ರದ ಐದು ರೂಪಾಯಿಗೆ ಲಕ್ಷ, ಹಳೇ ನಾಣ್ಯಕ್ಕೆ ಕೋಟಿ ಅಂತೆಲ್ಲ ಬರುತ್ತದಲ್ಲ, ಅದರ ಕೊನೆಯಲ್ಲಿ "ರಿಜಿಸ್ಟ್ರೇಷನ್ ಫೀಸು, ಟ್ಯಾಕ್ಸು, ಕಮಿಷನ್ನು ಮೊದಲು ಕಳಿಸಿ" ಅನ್ನುವ ಮಾತು ಇದ್ದೇ ಇರುತ್ತದೆ. ರಿಸರ್ವ್ ಬ್ಯಾಂಕಿನ ಹೆಸರು, ಮುದ್ರೆ ಕೂಡ ಹಾಕಿರುತ್ತಾರೆ. ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದೇ ಪ್ರಕಟಣೆ ಹೊರಡಿಸಿ, ಇಂಥ ವ್ಯವಹಾರದಲ್ಲಿ ತಾನಿಲ್ಲ, ಯಾವ ಫೀಸನ್ನೂ ಕಮಿಷನ್ನನ್ನೂ ಕೇಳುವುದಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ಹೇಳಿದೆ. ಫೋಟೋ ನೋಡಿ "ಇದು 65 ಸಾರ್, ಖಂಡಿತ" ಅನ್ನುವವನನ್ನೂ ಇದೇ ಪಟ್ಟಿಗೆ ಸೇರಿಸಿ. ಓರೆ ಮಾಡಿ ತಿರುಗಿಸಿ ನೋಡದೆ ಫೋಟೋದಲ್ಲಿ ಹೊಳಪು ಅಳೆಯಲು ಸಾಧ್ಯವಿಲ್ಲ.

ಕಾನೂನಿನ ಒಂದು ಮಾತೂ ತಿಳಿದಿರಲಿ. 1972ರ ಪ್ರಾಚ್ಯವಸ್ತು ಮತ್ತು ಕಲಾ ಸಂಪತ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ, ಅದರ ವ್ಯಾಪಾರಕ್ಕೆ ಲೈಸೆನ್ಸು ಬೇಕು. ವಿಕ್ಟೋರಿಯಾ, ಎಡ್ವರ್ಡ್ ರೂಪಾಯಿಗಳೆಲ್ಲ ಇದರೊಳಗೆ ಬಂದಾಯಿತು; ಐದನೇ ಜಾರ್ಜನವೂ ವರ್ಷಕ್ಕೊಂದು ಇಸವಿಯಂತೆ ಒಳಗೆ ಬರುತ್ತಿವೆ. 1940ರ ನಂತರದ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. 1947ರದ್ದು ತಂದು ಬೆಳ್ಳಿ ಅಂತ ಕೊಟ್ಟರೆ ತಗೋಬೇಡಿ, ಅದು ನಿಕಲ್ಲು.